ಇಂಗಾಲಾಮ್ಲದ ಲೆಕ್ಕ

ಇಂಗಾಲಾಮ್ಲ ವಾಯುವನ್ನು ಆಕಾಶಕ್ಕೆ ಬಿಡುವ ರಾಷ್ಟ್ರಗಳಲ್ಲಿ ಚೀನವು ಮೊದಲನೆಯದು, ಅಮೆರಿಕೆಯು ಎರಡನೆಯದು, ಭಾರತವು ಮೂರನೆಯದು. ಈ ಪಟ್ಟಿಯನ್ನು ಮುಂದೆ ಹಿಡಿದು ನಮ್ಮನ್ನೂ ಅಪರಾಧಿಗಳ ಸಾಲಿನಲ್ಲಿ ನಿಲ್ಲಿಸುವವರುಂಟು. ಪಟ್ಟಿಯು ಸುಳ್ಳಲ್ಲ, ಆದರೆ ಒಂದು ದೇಶದ ಮೊತ್ತವು ಏಕೆ ಏರಿತು, ಏಕೆ ಇಳಿಯಿತು ಎಂಬುದನ್ನು ಅದು ತಿಳಿಸಲಾರದು. ಕಾರಣವನ್ನರಿಯದೆ ತೀರ್ಪು ಹೇಳುವುದು ನ್ಯಾಯವೆ?

ಜಪಾನಿನ ವಿದ್ವಾಂಸರಾದ ಯೊಯಿಚಿ ಕಾಯಾ ಅವರು ಕಾರಣಗಳನ್ನು ನಾಲ್ಕಾಗಿ ವಿಂಗಡಿಸಿರುವರು: ಜನಸಂಖ್ಯೆ; ತಲೆಯೊಂದಕ್ಕೆ ಬರುವ ಉತ್ಪನ್ನ; ಆ ಉತ್ಪನ್ನದ ಒಂದೊಂದು ರೂಪಾಯಿಗೂ ತಗಲುವ ಶಕ್ತಿ; ಆ ಶಕ್ತಿಯಿಂದ ಹೊರಬೀಳುವ ಇಂಗಾಲಾಮ್ಲದ ಪ್ರಮಾಣ. ನಾಲ್ಕನ್ನೂ ಗುಣಿಸಿದರೆ ದೇಶದ ಮೊತ್ತವು ದೊರೆಯುವುದು. ಮೊದಲೆರಡು ಏರಿದರೂ ಕಡೆಯೆರಡು ಅದಕ್ಕಿಂತ ಬೇಗನೆ ಇಳಿದರೆ ಮೊತ್ತವೂ ಇಳಿಯುವುದು.

ಇದಕ್ಕೆ ಬ್ರಿಟನ್ನೇ ನಿದರ್ಶನ. 1882ರಲ್ಲಿ ಲಂಡನ್ನಿನಲ್ಲಿ ಕಲ್ಲಿದ್ದಲನ್ನುರಿಸಿ ಸಾರ್ವಜನಿಕರಿಗೆ ವಿದ್ಯುತ್ತನ್ನೊದಗಿಸತೊಡಗಿದ ಆ ದೇಶವು, 2024ನೆಯ ಸೆಪ್ಟೆಂಬರ್ 30ರಂದು ತನ್ನ ಕಡೆಯ ಕಲ್ಲಿದ್ದಲು ವಿದ್ಯುದಾಗಾರವನ್ನು ಮುಚ್ಚಿತು. 1990ರಿಂದೀಚೆಗೆ ಅಲ್ಲಿ ಜನವೂ ಐಶ್ವರ್ಯವೂ ಹೆಚ್ಚಿದರೂ ಇಂಗಾಲಾಮ್ಲವು ಸುಮಾರು ಅರ್ಧಕ್ಕಿಳಿಯಿತು. ಮೊದಲು ನೈಸರ್ಗಿಕ ಅನಿಲವೂ ಅನಂತರ ಗಾಳಿಯ ಶಕ್ತಿಯೂ ಕಲ್ಲಿದ್ದಲಿನ ಸ್ಥಾನವನ್ನು ಪಡೆದವು. ಇದು ಮೆಚ್ಚತಕ್ಕ ಕಾರ್ಯವೇ ಸರಿ. ಆದರೆ ಅಲ್ಲಿನ ಅನೇಕ ಕಾರ್ಖಾನೆಗಳು ಮುಚ್ಚಿದ ಮೇಲೆ ಸರಕು ಪರದೇಶಗಳಿಂದ ಬರತೊಡಗಿತು. ಕೊಳ್ಳುವವನು ಬ್ರಿಟನ್ನಿನಲ್ಲಿದ್ದರೂ, ಸರಕಿನ ತಯಾರಿಕೆಯಲ್ಲಿ ಹೊರಟ ವಾಯುವು ತಯಾರಿಸಿದ ದೇಶದ ಖಾತೆಗೇ ಸೇರುವುದು.

ನಾಲ್ಕನೆಯ ಕಾರಣದ ಬಲವನ್ನು ಇನ್ನೆರಡು ದೇಶಗಳು ತೋರಿಸಿವೆ. 1973ರ ತೈಲಸಂಕಟದ ತರುವಾಯ ಫ್ರಾನ್ಸ್ ಪರಮಾಣುಶಕ್ತಿಯನ್ನು ಅವಲಂಬಿಸಿ ತನ್ನ ವಿದ್ಯುತ್ತನ್ನು ಶುದ್ಧಗೊಳಿಸಿತು. 2011ರಲ್ಲಿ ಫುಕುಶಿಮಾ ದುರಂತದ ಬಳಿಕ ಜಪಾನು ಪರಮಾಣು ಸ್ಥಾವರಗಳನ್ನು ನಿಲ್ಲಿಸಿ, ಅನಿಲ ಕಲ್ಲಿದ್ದಲುಗಳನ್ನು ಹೆಚ್ಚಾಗಿ ಉರಿಸಬೇಕಾಯಿತು.

ಇನ್ನು ನಮ್ಮ ವಿಷಯ. ಭಾರತೀಯನ ಪಾಲಿಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲಾಮ್ಲ. ಜಗತ್ತಿನ ಸರಾಸರಿಯು ಇದರ ಇಮ್ಮಡಿಗೂ ಮಿಗಿಲು. ಅಮೆರಿಕನ್ನನದು ಸುಮಾರು 14 ಟನ್. ನಮ್ಮ ಮೊತ್ತವು ಏರುತ್ತಿರುವುದಕ್ಕೆ ಮುಖ್ಯ ಕಾರಣವು ಆದಾಯದ ಏಳಿಗೆ. ಬಡವನ ಮನೆಗೆ ದೀಪ ಬರಬಾರದೆಂದು ಹೇಳುವ ಅಧಿಕಾರವು ಯಾರಿಗೂ ಇಲ್ಲ.

ಆದರೆ ಇದನ್ನೇ ನೆವಮಾಡಿಕೊಂಡು ನಾವು ಸುಮ್ಮನಿರಲಾಗದು. ನಮ್ಮ ವಿದ್ಯುತ್ತಿನ ಹೆಚ್ಚಿನ ಪಾಲು ಇನ್ನೂ ಕಲ್ಲಿದ್ದಲಿನದು. ನಿವ್ವಳ ಮೊತ್ತವನ್ನು 2070ರೊಳಗೆ ಸೊನ್ನೆಗೆ ತರುವೆವೆಂದು 2021ರಲ್ಲಿ ಗ್ಲಾಸ್ಗೋದಲ್ಲಿ ಮಾತು ಕೊಟ್ಟಿದ್ದೇವೆ. ತುಮಕೂರು ಜಿಲ್ಲೆಯ ಪಾವಗಡದಂಥ ಬರಡು ನೆಲದಲ್ಲಿ ಸೂರ್ಯಶಕ್ತಿಯಿಂದ ವಿದ್ಯುತ್ತನ್ನು ಪಡೆಯುತ್ತಿರುವುದು ಆ ಮಾತಿಗೆ ತಕ್ಕ ನಡೆ. ಇತರರಿಂದ ನ್ಯಾಯವಾದ ಲೆಕ್ಕವನ್ನು ಕೇಳುವುದು ನಮ್ಮ ಹಕ್ಕು. ಕಡೆಯ ಎರಡು ಕಾರಣಗಳನ್ನು ತಗ್ಗಿಸುವುದು ನಮ್ಮ ಕರ್ತವ್ಯ. ಒಂದನ್ನು ಬಿಟ್ಟು ಇನ್ನೊಂದನ್ನು ಮಾತ್ರ ಹಿಡಿದರೆ ನಮ್ಮ ಮಾತಿಗೆ ತೂಕವಿರದು.