ಕೆಂಪು ಸಮುದ್ರದಲ್ಲಿ ವರ್ತಕ ಹಡಗುಗಳ ಕಾವಲು

ಹೊಲದಲ್ಲಿ ಪೈರು ನಿಂತಿರುವಾಗ ಕಾವಲುಗಾರನು ರಾತ್ರಿಯೆಲ್ಲ ಎಚ್ಚರವಾಗಿರತಕ್ಕದ್ದು. ಕಾಡುಹಂದಿಯಾದರೋ ಒಂದು ಗಳಿಗೆ ಬಂದು ಹೋದರೆ ಸಾಕು, ಬೆಳೆ ಹಾಳಾಗುವುದು. ಕಡಲಿನಲ್ಲಿ ಸಂಚರಿಸುವ ವರ್ತಕ ಹಡಗುಗಳ ರಕ್ಷಣೆಯೂ ಇಂಥದೇ ಆಗಿರುವುದು. 2023ನೆಯ ಇಸವಿಯ ಕೊನೆಯಿಂದ ಕೆಂಪು ಸಮುದ್ರದಲ್ಲಿ ನಡೆದ ಸಂಗತಿಗಳಿಂದ ಇದು ಸ್ಪಷ್ಟವಾಗುತ್ತದೆ. ಗೊಬ್ಬರವನ್ನು ಕೊಳ್ಳುವವರಿಗೂ ಕಾಫಿಯನ್ನು ಮಾರುವವರಿಗೂ ಸಂಬಂಧಪಟ್ಟ ವಿಷಯವಾದುದರಿಂದ ಇದನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸಿದೆ.

ಮಾರ್ಗದ ಸ್ವರೂಪ.— ಕೆಂಪು ಸಮುದ್ರವು ಅರೇಬಿಯಕ್ಕೂ ಆಫ್ರಿಕಕ್ಕೂ ನಡುವೆ ಇರುವ ನೀಳವಾದ ಕಡಲು. ಅದರ ಉತ್ತರಕ್ಕೆ 1869ರಲ್ಲಿ ತೆರೆಯಲ್ಪಟ್ಟ ಸೂಯೆಜ್ ಕಾಲುವೆಯೂ, ದಕ್ಷಿಣಕ್ಕೆ ಬಾಬ್ ಎಲ್ ಮಂದೆಬ್ ಎಂಬ ಜಲಸಂಧಿಯೂ ಇವೆ. ಈ ಜಲಸಂಧಿಯ ಅತಿ ಕಿರಿದಾದ ಎಡೆಯ ಅಗಲವು ಸುಮಾರು 30 ಕಿಲೋಮೀಟರು ಮಾತ್ರ. ಇಂಡಿಯಾದಿಂದ ಯೂರೋಪಿಗೆ ಇದೇ ಹತ್ತಿರದ ದಾರಿ. ಇದನ್ನು ಬಿಟ್ಟರೆ ಆಫ್ರಿಕದ ದಕ್ಷಿಣ ತುದಿಯನ್ನು ಬಳಸಿ ಹೋಗಬೇಕಾಗುವುದು. ಅದಕ್ಕೆ ಹತ್ತರಿಂದ ಹದಿನಾಲ್ಕು ದಿವಸ ಹೆಚ್ಚಾಗಿ ಹಿಡಿಯುವುದು.

ಹಾವಳಿಯ ಮೂಲ.— ಜಲಸಂಧಿಯ ಪೂರ್ವದ ದಡದಲ್ಲಿ ಯೆಮೆನ್ ದೇಶವಿದೆ. ಅಲ್ಲಿಯ ಹೂಥಿ ಎಂಬ ಬಂಡುಕೋರರು 2014ರಲ್ಲಿ ರಾಜಧಾನಿಯಾದ ಸನಾ ನಗರವನ್ನು ವಶಪಡಿಸಿಕೊಂಡರು. ಇವರಿಗೆ ಇರಾನ್ ದೇಶದಿಂದ ಆಯುಧಗಳು ಬರುತ್ತಿರುವುದಾಗಿ ವಿಶ್ವಸಂಸ್ಥೆಯ ತಜ್ಞರು ವರದಿಮಾಡಿದ್ದಾರೆ. ಇರಾನ್ ಇದನ್ನು ನಿರಾಕರಿಸಿದೆ. ಗಾಜಾ ಯುದ್ಧದ ನಿಮಿತ್ತ ಇಸ್ರೇಲಿನ ಸಂಬಂಧವುಳ್ಳ ಹಡಗುಗಳನ್ನು ತಡೆಯುವುದೇ ತಮ್ಮ ಉದ್ದೇಶವೆಂದು ಸಾರಿ, ಹೂಥಿಗಳು 2023ನೆಯ ನವೆಂಬರ್ 19ರಲ್ಲಿ ಇಂಡಿಯಾ ಕಡೆಗೆ ಬರುತ್ತಿದ್ದ 'ಗ್ಯಾಲಕ್ಸಿ ಲೀಡರ್' ಹಡಗನ್ನು ಹಿಡಿದರು. ಅನಂತರ ಅಂಥ ಸಂಬಂಧವೇ ಇಲ್ಲದ ಅನೇಕ ಹಡಗುಗಳ ಮೇಲೂ ಕ್ಷಿಪಣಿಗಳನ್ನೂ, ಡ್ರೋನ್ ಎಂಬ ಆಳಿಲ್ಲದ ವಿಮಾನಗಳನ್ನೂ, ಸಿಡಿಮದ್ದು ತುಂಬಿದ ದೋಣಿಗಳನ್ನೂ ಪ್ರಯೋಗಿಸಿದರು.

ನಷ್ಟದ ಪರಿಮಾಣ.— 2024ನೆಯ ಫೆಬ್ರವರಿ 18ರಲ್ಲಿ ಏಟು ತಿಂದ 'ರೂಬಿಮಾರ್' ಹಡಗು ಮಾರ್ಚಿ 2ರಲ್ಲಿ ಮುಳುಗಿತು. ಅದರಲ್ಲಿದ್ದುದು ಸುಮಾರು 21,000 ಟನ್ನು ರಾಸಾಯನಿಕ ಗೊಬ್ಬರ. ಐವತ್ತು ಕಿಲೋಗ್ರಾಮಿನ ಚೀಲದಂತೆ ಲೆಕ್ಕಮಾಡಿದರೆ ಇದು 4,20,000 ಚೀಲವಾಗುವುದು. ಅದೇ ಮಾರ್ಚಿ 6ರಲ್ಲಿ 'ಟ್ರೂ ಕಾನ್ಫಿಡೆನ್ಸ್' ಹಡಗಿನ ಮೂವರು ನಾವಿಕರು ಮಡಿದರು. ಗೊಬ್ಬರವನ್ನು ಮತ್ತೆ ತಯಾರಿಸಬಹುದು. ಹೋದ ಪ್ರಾಣಕ್ಕೆ ಪರಿಹಾರವಿಲ್ಲ.

ರಕ್ಷಣೆಯ ಬಗೆಗಳು.— ಮೊದಲನೆಯದು ಬೆಂಗಾವಲು. 2023ನೆಯ ಡಿಸೆಂಬರಿನಲ್ಲಿ ಅಮೆರಿಕದ ಮುಂದಾಳುತನದಲ್ಲಿ ಒಂದು ನೌಕಾಕೂಟವೂ, 2024ನೆಯ ಫೆಬ್ರವರಿಯಲ್ಲಿ ಯೂರೋಪು ದೇಶಗಳ ಇನ್ನೊಂದು ಕೂಟವೂ ಏರ್ಪಟ್ಟವು. ಎರಡನೆಯದು ಆಪತ್ತಿನಲ್ಲಿ ನೆರವು. 2024ನೆಯ ಜನವರಿ 26ರಲ್ಲಿ 'ಮಾರ್ಲಿನ್ ಲುವಾಂಡಾ' ಹಡಗಿಗೆ ಬೆಂಕಿ ಹತ್ತಿದಾಗ, ಅದರಲ್ಲಿದ್ದ 22 ಮಂದಿ ಭಾರತೀಯರಿಗೂ ಒಬ್ಬ ಬಾಂಗ್ಲಾದೇಶೀಯನಿಗೂ ಭಾರತದ 'ವಿಶಾಖಪಟ್ಟಣ' ಯುದ್ಧನೌಕೆಯವರು ನೆರವಾಗಿ ಬೆಂಕಿಯನ್ನಾರಿಸಿದರು. 'ಟ್ರೂ ಕಾನ್ಫಿಡೆನ್ಸ್' ಹಡಗಿನ 21 ಮಂದಿಯನ್ನು ಕಾಪಾಡಿದುದು 'ಕೋಲ್ಕತ್ತ' ನೌಕೆ. ಮೂರನೆಯದು ಆಯುಧಗಳ ಸರಬರಾಯಿಯನ್ನೇ ತಡೆಯುವುದು. ಇದಕ್ಕಾಗಿ ವಿಶ್ವಸಂಸ್ಥೆಯ ಭದ್ರತಾ ಮಂಡಲಿಯು 2015ರಲ್ಲಿಯೇ ನಿಷೇಧ ವಿಧಿಸಿತ್ತು.

ಇವುಗಳಲ್ಲಿ ಒಂದರಿಂದಲೇ ಕಾರ್ಯಸಿದ್ಧಿಯಾಗುವುದಿಲ್ಲ. ಅಲ್ಪ ಬೆಲೆಯ ಡ್ರೋನನ್ನು ಹೊಡೆದುರುಳಿಸಲು ಹತ್ತಾರು ಪಾಲು ಹೆಚ್ಚು ಬೆಲೆಯ ಕ್ಷಿಪಣಿ ವೆಚ್ಚವಾಗುವುದು. ಪ್ರತಿಯೊಂದು ಹಡಗಿಗೂ ಬೆಂಗಾವಲನ್ನು ಒದಗಿಸುವುದೂ ಅಸಾಧ್ಯ. 2025ನೆಯ ಮೇ ತಿಂಗಳಲ್ಲಿ ಓಮಾನಿನ ಮಧ್ಯಸ್ಥಿಕೆಯಿಂದ ಅಮೆರಿಕಕ್ಕೂ ಹೂಥಿಗಳಿಗೂ ಒಪ್ಪಂದವಾಯಿತು. ಆದರೂ ಜುಲೈ ತಿಂಗಳಲ್ಲಿ ಬೆಂಗಾವಲಿಲ್ಲದೆ ಹೋಗುತ್ತಿದ್ದ 'ಮ್ಯಾಜಿಕ್ ಸೀಸ್', 'ಎಟರ್ನಿಟಿ ಸಿ' ಎಂಬ ಎರಡು ಹಡಗುಗಳು ಮುಳುಗಿಸಲ್ಪಟ್ಟವು. ಬೇಲಿ, ಕಾವಲು, ನೆರೆಹೊರೆಯವರ ಒಗ್ಗಟ್ಟು ಈ ಮೂರೂ ಕೂಡಿದಲ್ಲದೆ ಹೊಲ ಉಳಿಯದೆಂಬುದು ಕಡಲಿಗೂ ಸಲ್ಲುವ ಮಾತು.

ನಮ್ಮ ನಾಡಿಗೆ ಸಂಬಂಧ.— 2023ನೆಯ ಡಿಸೆಂಬರ್ 23ರಲ್ಲಿ ಮಂಗಳೂರಿಗೆ ಕಚ್ಚಾ ಎಣ್ಣೆಯನ್ನು ತರುತ್ತಿದ್ದ 'ಕೆಮ್ ಪ್ಲೂಟೊ' ಹಡಗಿಗೆ ಗುಜರಾತಿನಾಚೆಯ ಕಡಲಿನಲ್ಲಿ ಡ್ರೋನ್ ಬಡಿಯಿತು. ಅದನ್ನು ಇರಾನಿನಿಂದಲೇ ಹಾರಿಸಲಾಯಿತೆಂದು ಅಮೆರಿಕ ಹೇಳಿತು, ಇರಾನ್ ಅಲ್ಲಗಳೆಯಿತು. ಇಂಡಿಯಾದ ಕಾಫಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕರ್ನಾಟಕದ್ದಾಗಿದ್ದು, ಅದರ ದೊಡ್ಡ ಭಾಗ ಯೂರೋಪಿಗೆ ಹೋಗುತ್ತದೆ. ದಾರಿ ಬಳಸಾದರೆ ಹಡಗಿನ ಬಾಡಿಗೆಯೂ ವಿಮೆಯ ಹಣವೂ ಏರಿ, ಆ ಹೊರೆ ಬೆಳೆಗಾರನ ಮೇಲೂ ಬೀಳುವ ಸಂಭವವುಂಟು. ಜೋರ್ಡಾನ್, ಮೊರಾಕೊ ಮುಂತಾದ ದೇಶಗಳಿಂದ ಬರುವ ಗೊಬ್ಬರದ ವಿಷಯವೂ ಹೀಗೆಯೇ. ಸರ್ಕಾರದ ಸಹಾಯಧನದಿಂದ ಚೀಲದ ಬೆಲೆ ಏರದಿರಬಹುದು. ಆದರೆ ಸರಕು ತಡವಾದರೆ ಹದ ಕಾಯುವುದಿಲ್ಲ.

ಆದಕಾರಣ ಗ್ರಾಮದ ಮುಖಂಡರು ಬಿತ್ತನೆಗೆ ಬೇಕಾಗುವ ಗೊಬ್ಬರದ ಅಂದಾಜನ್ನು ಸಹಕಾರ ಸಂಘಗಳಿಗೆ ಮುಂಚಿತವಾಗಿ ತಿಳಿಸುವುದೂ, ಗಾಳಿಮಾತಿಗೆ ಹೆದರಿ ಚೀಲಗಳನ್ನು ಕೂಡಿಡದಂತೆ ಜನರಿಗೆ ಬುದ್ಧಿಹೇಳುವುದೂ, ತಿಪ್ಪೆಗೊಬ್ಬರವನ್ನು ಬಿಸಿಲುಮಳೆಗೆ ಕೆಡದಂತೆ ಗುಂಡಿಯಲ್ಲಿ ಕಾಪಾಡಿಸುವುದೂ ಯುಕ್ತವಾಗಿರುತ್ತದೆ. ಕಡಲಿನ ಕಾವಲು ರೈತರ ಕೈಯಲ್ಲಿಲ್ಲ. ತಿಪ್ಪೆಯ ಕಾವಲು ಅವರ ಕೈಯಲ್ಲಿಯೇ ಇದೆ.