ಕಾರ್ಖಾನೆಯ ಗಾಯವೂ ಅದು ಕಲಿಸುವ ಪಾಠವೂ

ರಾಗಿಯ ಹೊಲ, ಹೂವಿನ ತೋಟ, ರೇಷ್ಮೆ ಹುಳುವಿನ ಸಾಕಣೆ, ಇವುಗಳನ್ನು ನಂಬಿ ಬಾಳಿದ ನಮ್ಮ ಹೊಸೂರು ಸೀಮೆಯಲ್ಲಿ ಕಳೆದ ಸುಮಾರು ಅರ್ಧ ಶತಮಾನದಿಂದ ಕಾರ್ಖಾನೆಗಳು ಒಂದರ ಪಕ್ಕದಲ್ಲೊಂದು ಎದ್ದು ನಿಂತಿವೆ. ಲಾರಿಗಳೂ ಮೋಟಾರು ಸೈಕಲುಗಳೂ ಅವುಗಳಿಗೆ ಬೇಕಾದ ಎರಕದ ಭಾಗಗಳೂ ಇಲ್ಲಿ ತಯಾರಾಗುತ್ತವೆ. ನಮ್ಮ ಶಾಲೆಯ ಎಷ್ಟೋ ಮಕ್ಕಳ ತಂದೆಯರೂ ಅಣ್ಣಂದಿರೂ ಅಕ್ಕಂದಿರೂ ಶಿಫ್ಟಿನ ಕೆಲಸಕ್ಕೆ ಹೋಗಿ ಬರುತ್ತಾರೆ. ಇಂದು ನಮ್ಮ ಮುಂದೆ ಬೆಂಚುಗಳ ಮೇಲೆ ಕುಳಿತಿರುವ ಮಕ್ಕಳಲ್ಲಿ ಅನೇಕರು ನಾಳೆ ಅದೇ ಹಾದಿಯನ್ನು ಹಿಡಿಯತಕ್ಕವರು. ಆದುದರಿಂದ ಪಠ್ಯಪುಸ್ತಕದಲ್ಲಿ ವಿಶೇಷವಾಗಿ ಕಾಣಸಿಗದ ಒಂದು ವಿಷಯವನ್ನು ಈ ವರುಷದ ಸಂಚಿಕೆಯಲ್ಲಿ ವಿವರಿಸಬೇಕೆಂದು ನಾವು ಬಗೆದೆವು. ಕೆಲಸದ ಜಾಗದಲ್ಲಿ ಒಬ್ಬನಿಗೆ ಆದ ಗಾಯದಿಂದ ಇನ್ನೊಬ್ಬನನ್ನು ಕಾಪಾಡುವುದು ಹೇಗೆ ಎಂಬುದೇ ಆ ವಿಷಯ.

ಯಂತ್ರಕ್ಕೆ ಸಿಕ್ಕಿ ಒಬ್ಬನ ಬೆರಳು ಹೋಯಿತೆಂದು ಕೇಳಿದೊಡನೆ ಜನರ ಬಾಯಿಂದ ಸಾಮಾನ್ಯವಾಗಿ ಎರಡು ಮಾತುಗಳು ಬರುತ್ತವೆ. ಒಂದು, "ಪಾಪ, ಅವನ ಹಣೆಬರಹ." ಇನ್ನೊಂದು, "ಎಚ್ಚರವಾಗಿರಬೇಕಿತ್ತು, ತಪ್ಪು ಅವನದೇ." ಮೊದಲನೆಯದು ಮರುಕದ ಮಾತು, ಎರಡನೆಯದು ಕೋಪದ ಮಾತು. ಆದರೆ ಎರಡರಿಂದಲೂ ಆಗುವ ಫಲ ಒಂದೇ: ವಿಚಾರವು ಅಲ್ಲಿಗೇ ನಿಂತುಹೋಗುತ್ತದೆ. ಯಂತ್ರ ಇದ್ದಂತೆಯೇ ಇರುತ್ತದೆ. ಮರುದಿನ ಅದರ ಮುಂದೆ ಬೇರೊಬ್ಬನು ಬಂದು ನಿಲ್ಲುತ್ತಾನೆ. ಎಡವಿದ ಕಾಲೇ ಎಡವುವುದೆಂದು ನಮ್ಮಲ್ಲಿ ಗಾದೆಯುಂಟು. ದಾರಿಯ ಕಲ್ಲನ್ನು ಕೀಳದೆ ಕಾಲನ್ನು ಮಾತ್ರ ಬಯ್ಯುತ್ತಿದ್ದರೆ ಆ ಗಾದೆ ಸುಳ್ಳಾಗುವುದೆಂತು?

ಕಲ್ಲನ್ನೇ ಕೀಳಬೇಕೆಂದು ಹೊರಟ ಒಂದು ದೊಡ್ಡ ಉದ್ಯಮದ ಕಥೆ ಇಲ್ಲಿ ಉಪಯುಕ್ತವಾದೀತು. ಅಮೆರಿಕಾ ದೇಶದ ಅಲ್ಕೋವಾ ಎಂಬುದು ಅಲ್ಯೂಮಿನಿಯಂ ತಯಾರಿಸುವ ಭಾರಿ ಸಂಸ್ಥೆ. ಕರಗಿದ ಲೋಹ, ಬೃಹತ್ತಾದ ಒತ್ತುಯಂತ್ರಗಳು, ಎತ್ತುಯಂತ್ರಗಳು, ಇವುಗಳ ನಡುವೆ ಅಲ್ಲಿಯವರ ದುಡಿಮೆ. 1987ರಲ್ಲಿ ಪಾಲ್ ಓನೀಲ್ ಎಂಬವರು ಅದರ ಮುಖ್ಯಾಧಿಕಾರಿಯಾಗಿ ಬಂದರು. ಹಣ ಹೂಡಿದವರ ಮುಂದೆ ತಮ್ಮ ಮೊದಲ ಭಾಷಣದಲ್ಲಿ ಅವರು ಲಾಭದ ಮಾತನ್ನು ಎತ್ತದೆ ಕಾರ್ಮಿಕರ ಸುರಕ್ಷತೆಯ ಮಾತನ್ನೇ ಆಡಿದರು. ಗಾಯಗಳನ್ನು ಸೊನ್ನೆಗೆ ಇಳಿಸುವುದೇ ತಮ್ಮ ಗುರಿಯೆಂದರು. ಕೇಳಿದವರಲ್ಲಿ ಕೆಲವರು ಬೆರಗಾದರು, ಕೆಲವರು ಸಂಸ್ಥೆಯ ಗತಿಯೇನೆಂದು ಚಿಂತಿಸಿದರು.

ಅವರು ಬಂದು ಸುಮಾರು ಆರು ತಿಂಗಳಾಗಿದ್ದಾಗ ಅರಿಜೋನಾ ಪ್ರಾಂತ್ಯದ ಒಂದು ಕಾರ್ಖಾನೆಯಲ್ಲಿ ದುರಂತವೊಂದು ನಡೆಯಿತು. ಕೆಲಸಕ್ಕೆ ಸೇರಿ ಕೆಲವೇ ವಾರಗಳಾಗಿದ್ದ ತರುಣನೊಬ್ಬನು ನಿಂತುಹೋಗಿದ್ದ ಒತ್ತುಯಂತ್ರವನ್ನು ಸರಿಪಡಿಸಲು ತಡೆಗೋಡೆಯನ್ನು ಹಾರಿ ಒಳಹೊಕ್ಕನು. ಸಿಕ್ಕಿಕೊಂಡಿದ್ದ ಲೋಹದ ಚೂರನ್ನು ಎಳೆದು ತೆಗೆದನು. ತೊಡಕು ಬಿಟ್ಟೊಡನೆ ಯಂತ್ರವು ತಾನಾಗಿ ಚಲಿಸಿತು. ಅದರ ಭಾರಿ ತೋಳು ಅವನ ತಲೆಗೆ ಬಡಿಯಿತು. ಅವನು ಬದುಕಲಿಲ್ಲ. ಮನೆಯಲ್ಲಿ ಗರ್ಭಿಣಿಯಾದ ಹೆಂಡತಿಯಿದ್ದಳು.

ಅಧಿಕಾರಿಗಳ ಸಭೆ ಸೇರಿತು. ನಿಯಮ ಮೀರಿ ಗೋಡೆ ಹಾರಿದವನು ಆ ತರುಣನೇ ಎಂದು ಹೇಳಿ ಕಡತವನ್ನು ಮುಚ್ಚಿಬಿಡುವುದು ಸುಲಭವಾಗಿದ್ದಿತು. ಓನೀಲ್ ಅವರು ಹಾಗೆ ಮಾಡಲಿಲ್ಲ. ಈ ಸಾವಿಗೆ ತಾವೂ ತಮ್ಮ ಕೈಕೆಳಗಿನ ಅಧಿಕಾರಿಗಳೆಲ್ಲರೂ ಹೊಣೆಗಾರರೆಂದು ಸ್ಪಷ್ಟವಾಗಿ ನುಡಿದರು. ಹಾರಿ ಹೋದುದನ್ನು ಇಬ್ಬರು ಮೇಲ್ವಿಚಾರಕರು ಕಂಡಿದ್ದರೂ ತಡೆದಿರಲಿಲ್ಲ. ಹೊಸಬನಿಗೆ ಈ ಅಪಾಯವನ್ನು ಮೊದಲೇ ತಿಳಿಸಿದ್ದರೆ? ಗೋಡೆಯನ್ನು ಹಾರಲಾಗದಂತೆ ಕಟ್ಟಿದ್ದರೆ? ಒಳಗೆ ಮನುಷ್ಯನಿರುವಾಗ ಯಂತ್ರ ಚಲಿಸದಂತೆ ಏರ್ಪಾಡಿದ್ದರೆ? ನಿಂತ ಕೆಲಸವನ್ನು ಬೇಗನೆ ಮುಂದುವರಿಸಿದವನೇ ಜಾಣನೆಂಬ ಭಾವನೆ ಅಲ್ಲಿ ಬೆಳೆಯದಿದ್ದರೆ? ಹೀಗೆ ಪ್ರಶ್ನೆಗಳನ್ನು ಎತ್ತುತ್ತ ಹೋದರೆ 'ಅವನ ತಪ್ಪು' ಎಂಬುದು ಚಿಕ್ಕದಾಗುತ್ತ ಬರುವುದನ್ನೂ, ತಿದ್ದಬಹುದಾದ ಸಂಗತಿಗಳು ಒಂದೊಂದಾಗಿ ಹೊರಬೀಳುವುದನ್ನೂ ವಾಚಕರು ಗಮನಿಸಬೇಕು. 'ಯಾರು?' ಎಂದು ಕೇಳಿದರೆ ಒಂದು ಹೆಸರು ದೊರೆಯುತ್ತದೆ; 'ಏಕೆ?' ಎಂದು ಕೇಳಿದರೆ ಒಂದು ಉಪಾಯ ದೊರೆಯುತ್ತದೆ.

ಉಪಾಯಗಳಲ್ಲಿಯೂ ತರತಮವುಂಟು. ಎಲ್ಲಕ್ಕಿಂತ ಉತ್ತಮವಾದುದು ಅಪಾಯವನ್ನೇ ಇಲ್ಲದಂತೆ ಮಾಡುವುದು. ಅದು ಸಾಧ್ಯವಾಗದಿದ್ದರೆ ಅಪಾಯ ಕಡಮೆಯಿರುವ ಬೇರೊಂದು ವಸ್ತುವನ್ನೋ ವಿಧಾನವನ್ನೋ ತರುವುದು. ಅದೂ ಆಗದಿದ್ದರೆ ಮನುಷ್ಯನಿಗೂ ಅಪಾಯಕ್ಕೂ ನಡುವೆ ತಡೆಯನ್ನು ನಿರ್ಮಿಸುವುದು. ಆಮೇಲೆ ನಿಯಮ, ತರಬೇತಿ, ಎಚ್ಚರಿಕೆಯ ಫಲಕ. ಕಟ್ಟಕಡೆಗೆ ಹೆಲ್ಮೆಟ್ಟು, ಕೈಗವಸು, ಕನ್ನಡಕ. ನಮ್ಮ ಜನರು ಸುರಕ್ಷತೆಯೆಂದರೆ ಹೆಲ್ಮೆಟ್ಟೆಂದೇ ತಿಳಿಯುತ್ತಾರೆ. ಅದನ್ನು ಅವಶ್ಯವಾಗಿ ಧರಿಸಬೇಕು. ಆದರೆ ಅದು ಸಾಲಿನಲ್ಲಿ ಕೊನೆಯದೆಂಬುದನ್ನು ಮರೆಯಲಾಗದು. ಏಕೆಂದರೆ ನಿಯಮವೂ ಹೆಲ್ಮೆಟ್ಟೂ ಮನುಷ್ಯನ ನೆನಪನ್ನು ನಂಬಿಕೊಂಡಿವೆ. ರಾತ್ರಿಯ ಶಿಫ್ಟಿನಲ್ಲಿ, ಮೂರು ಗಂಟೆಯ ಹೊತ್ತಿಗೆ, ದಣಿದವನ ನೆನಪು ಎಷ್ಟರಮಟ್ಟಿಗೆ ನಂಬತಕ್ಕದ್ದು?

ಇದಕ್ಕೆ ಎರಡು ಉದಾಹರಣೆಗಳನ್ನು ಕೊಡುತ್ತೇವೆ. ತಗಡನ್ನು ಒತ್ತುವ ಪವರ್ ಪ್ರೆಸ್ಸಿನಲ್ಲಿ ಎರಡು ಗುಂಡಿಗಳನ್ನು ಒಂದಕ್ಕೊಂದು ದೂರದಲ್ಲಿ ಇರಿಸಿ, ಎರಡನ್ನೂ ಏಕಕಾಲಕ್ಕೆ ಎರಡು ಕೈಗಳಿಂದ ಒತ್ತಿದರೆ ಮಾತ್ರ ಪ್ರೆಸ್ಸು ಕೆಳಗಿಳಿಯುವಂತೆ ಮಾಡುತ್ತಾರೆ. ಎರಡು ಕೈಗಳೂ ಗುಂಡಿಗಳ ಮೇಲಿರುವಾಗ, ಪ್ರೆಸ್ಸಿನ ಅಡಿಯಲ್ಲಿ ಸಿಕ್ಕಲು ಆ ಕೆಲಸಗಾರನ ಕೈ ಉಳಿಯುವುದೇ ಇಲ್ಲ. ಎರಡನೆಯದು ಬೀಗದ ಪದ್ಧತಿ. ಯಂತ್ರವನ್ನು ರಿಪೇರಿ ಮಾಡುವವನು ಮೊದಲು ಅದರ ವಿದ್ಯುತ್ತನ್ನು ಕಡಿದು, ಆ ಸ್ವಿಚ್ಚಿಗೆ ತನ್ನದೇ ಆದ ಬೀಗವನ್ನು ಹಾಕಿ, ಬೀಗದ ಕೈಯನ್ನು ತನ್ನ ಜೇಬಿನಲ್ಲಿರಿಸಿಕೊಳ್ಳುತ್ತಾನೆ. ಒತ್ತಡದಲ್ಲಿರುವ ಗಾಳಿ, ಎಣ್ಣೆ, ಎತ್ತರದಲ್ಲಿ ನಿಂತ ಭಾರ ಮೊದಲಾದವುಗಳಲ್ಲಿ ಅಡಗಿರುವ ಶಕ್ತಿಯನ್ನೂ ಇಳಿಸುತ್ತಾನೆ. ಐವರು ಕೆಲಸಕ್ಕೆ ಇಳಿದರೆ ಐದು ಬೀಗಗಳು. ಐವರೂ ಹೊರಬಂದು ತಮ್ಮ ತಮ್ಮ ಬೀಗವನ್ನು ತೆಗೆದಲ್ಲದೆ ಯಂತ್ರ ನಡೆಯದು. ಯಂತ್ರವು ಹಠಾತ್ತನೆ ಚಲಿಸಿ ಸತ್ತವರ ಅನುಭವದಿಂದ ಹುಟ್ಟಿದ ಈ ಪದ್ಧತಿಯನ್ನು ಅಮೆರಿಕಾ ಸರಕಾರವು 1989ರಲ್ಲಿ ನಿಯಮವಾಗಿ ವಿಧಿಸಿತು.

ಉಪಾಯವನ್ನು ಕಂಡುಹಿಡಿದರಷ್ಟೇ ಸಾಲದು. ಅದು ಇತರರಿಗೂ ತಿಳಿಯಬೇಕು. ಅಲ್ಕೋವಾ ಸಂಸ್ಥೆಯಲ್ಲಿ ಎಲ್ಲಿಯೇ ಗಾಯವಾಗಲಿ, ಇಪ್ಪತ್ತನಾಲ್ಕು ಗಂಟೆಗಳೊಳಗೆ ಆ ವಿಭಾಗದ ಮುಖ್ಯಸ್ಥನು ಮುಖ್ಯಾಧಿಕಾರಿಗೆ ವರದಿ ಮಾಡಬೇಕು, ಅದು ಮರುಕಳಿಸದಂತೆ ಮಾಡುವ ಯೋಜನೆಯನ್ನೂ ಸಲ್ಲಿಸಬೇಕು ಎಂಬ ಕಟ್ಟಳೆ ಬಂದಿತು. ಮೇಲಿನವರು ಕೇಳುವುದಿಲ್ಲವಾದರೆ ನೇರವಾಗಿ ತಮಗೇ ತಿಳಿಸಿರೆಂದು ಓನೀಲ್ ಅವರು ಕಾರ್ಮಿಕರಿಗೆ ತಮ್ಮ ಮನೆಯ ಟೆಲಿಫೋನ್ ಸಂಖ್ಯೆಯನ್ನೇ ಕೊಟ್ಟರು. 1996ರಲ್ಲಿ ಒಂದು ಸಂಗತಿ ಬಯಲಾಯಿತು: ಮೆಕ್ಸಿಕೋ ದೇಶದಲ್ಲಿದ್ದ ಅವರ ಕಾರ್ಖಾನೆಯೊಂದರಲ್ಲಿ ವಿಷಗಾಳಿಯಿಂದ ಕೆಲಸಗಾರರು ಅಸ್ವಸ್ಥರಾಗಿದ್ದರು. ಅಲ್ಲಿಯವರು ತೊಂದರೆಯನ್ನು ಸರಿಪಡಿಸಿದ್ದರಾದರೂ ಅದನ್ನು ಕೇಂದ್ರಕ್ಕೆ ವರದಿ ಮಾಡಿರಲಿಲ್ಲ. ಅದಕ್ಕೆ ಹೊಣೆಯಾದ ಹಿರಿಯ ಅಧಿಕಾರಿಯು ಉಳಿದೆಲ್ಲ ವಿಷಯಗಳಲ್ಲಿ ದಕ್ಷನೆನಿಸಿದ್ದರೂ ಕೆಲಸ ಕಳೆದುಕೊಂಡನು. ತೊಂದರೆ ಉಂಟಾದುದಕ್ಕಿಂತ ಅದನ್ನು ಮುಚ್ಚಿಟ್ಟುದೇ ದೊಡ್ಡ ತಪ್ಪೆನಿಸಿತು. ಏಕೆಂದರೆ ಆ ಪಾಠವು ಉಳಿದ ಕಾರ್ಖಾನೆಗಳಿಗೆ ತಲುಪಲಿಲ್ಲ.

ಫಲವೇನಾಯಿತು? ಒಂದು ದಿನವಾದರೂ ಕೆಲಸ ತಪ್ಪಿಸುವಷ್ಟು ದೊಡ್ಡ ಗಾಯಗಳು ಆ ಸಂಸ್ಥೆಯಲ್ಲಿ ವರುಷಕ್ಕೆ ನೂರು ಜನರಿಗೆ 1.86ರಷ್ಟಿದ್ದುವು. ಅಮೆರಿಕಾದ ಸರಾಸರಿಗೆ ಹೋಲಿಸಿದರೆ ಆಗಲೇ ಅದು ಕಡಮೆ. ಓನೀಲ್ ಅವರು 2000ದ ಕೊನೆಯಲ್ಲಿ ಸಂಸ್ಥೆಯನ್ನು ಬಿಡುವ ವೇಳೆಗೆ ಅದು 0.2ಕ್ಕೆ ಇಳಿದಿತ್ತು. ಸುಮಾರು ಐವತ್ತು ಜನರಲ್ಲಿ ಒಬ್ಬನಿಗೆ ಆಗುತ್ತಿದ್ದುದು ಐನೂರು ಜನರಲ್ಲಿ ಒಬ್ಬನಿಗೆಂಬಂತಾಯಿತು. ಸಂಸ್ಥೆಯ ಲಾಭವೂ ಈ ಅವಧಿಯಲ್ಲಿ ಕುಂದದೆ ಹಲವು ಪಟ್ಟು ಬೆಳೆಯಿತು.

ಆದರೆ ಅಂಕಿಗಳನ್ನೇ ಪೂಜಿಸುವುದೂ ತರವಲ್ಲ. 1931ರಲ್ಲಿ ಹೈನ್ರಿಚ್ ಎಂಬ ಅಮೆರಿಕಾದ ವಿಮಾ ತಜ್ಞರು ಒಂದು ಲೆಕ್ಕವನ್ನು ಪ್ರಕಟಿಸಿದರು: ಒಂದು ಭಾರಿ ಗಾಯದ ಹಿಂದೆ 29 ಸಣ್ಣ ಗಾಯಗಳೂ, ಗಾಯವಾಗದೆ ತಪ್ಪಿಹೋದ 300 ಪ್ರಸಂಗಗಳೂ ಇರುತ್ತವೆಂದು. ಆ ಸಂಖ್ಯೆಗಳನ್ನು ಈಚಿನ ವಿದ್ವಾಂಸರು ಪೂರ್ತಿಯಾಗಿ ಒಪ್ಪುವುದಿಲ್ಲ. ಆದರೆ ಸ್ವಲ್ಪದರಲ್ಲಿ ತಪ್ಪಿದ ಅಪಾಯವೂ ಒಂದು ಪಾಠವೆಂಬ ಅದರ ತಿರುಳು ಇಂದಿಗೂ ಉಪಯುಕ್ತ. ಮೇಲಿಂದ ಬಿದ್ದ ಬೋಲ್ಟು ತಲೆಗೆ ತಾಗದೆ ಪಕ್ಕಕ್ಕೆ ಬಿದ್ದರೆ, ಯಾರೂ ಗಾಯಗೊಳ್ಳದೆಯೇ ಪಾಠವು ನಮಗೆ ದೊರೆತಂತಾಯಿತು. ಇನ್ನೊಂದು ಕಡೆ, ಸಣ್ಣ ಗಾಯಗಳು ಕಡಮೆಯಾದುವೆಂದು ನಿಶ್ಚಿಂತರಾಗುವುದೂ ಸಲ್ಲದು. 2005ರ ಮಾರ್ಚ್ 23ರಂದು ಟೆಕ್ಸಾಸ್ ನಗರದ ಎಣ್ಣೆ ಶುದ್ಧೀಕರಣ ಕಾರ್ಖಾನೆಯಲ್ಲಿ ಸ್ಫೋಟವಾಗಿ 15 ಜನರು ಸತ್ತು, ಸುಮಾರು 180 ಜನರು ಗಾಯಗೊಂಡರು. ಜಾರಿ ಬೀಳುವುದು, ಕೈ ಕೊಯ್ದುಕೊಳ್ಳುವುದು ಇಂಥ ಗಾಯಗಳ ಎಣಿಕೆಯು ಚೆನ್ನಾಗಿದ್ದುದನ್ನು ನೋಡಿ, ಎಣ್ಣೆ ಮತ್ತು ಅನಿಲಗಳನ್ನು ನಿರ್ವಹಿಸುವ ವ್ಯವಸ್ಥೆಯೂ ಕ್ಷೇಮವಾಗಿದೆಯೆಂದು ಆಡಳಿತದವರು ಭ್ರಮಿಸಿದ್ದರೆಂದು ತನಿಖೆಯಿಂದ ತಿಳಿದುಬಂದಿತು.

ಇಷ್ಟು ಹೊತ್ತು ಹೊರದೇಶದ ಮಾತಾಯಿತು. ನಮ್ಮ ಸೀಮೆಗೆ ಸಮೀಪದ ಕೋಲಾರ ಚಿನ್ನದ ಗಣಿಗಳಲ್ಲಿಯೂ ಇದೇ ಪಾಠವನ್ನು ಕಾಣಬಹುದು. ಅಲ್ಲಿ ನೆಲದಡಿಯಲ್ಲಿ ಮೂರು ಕಿಲೋಮೀಟರಿಗೂ ಮೀರಿದ ಆಳದವರೆಗೆ ತಮಿಳು, ತೆಲುಗು, ಕನ್ನಡ ಮಾತನಾಡುವ ಗಣಿಗಾರರು ದುಡಿದರು. ಅಷ್ಟು ಆಳದಲ್ಲಿ ಬಂಡೆಯ ಮೇಲಿನ ಒತ್ತಡ ಅಪಾರ. ಅದಿರನ್ನು ತೆಗೆದ ಜಾಗದ ಸುತ್ತಲಿನ ಬಂಡೆ ಕೆಲವೊಮ್ಮೆ ಸಿಡಿಮದ್ದಿನಂತೆ ಸಿಡಿದು ಗಣಿಗಾರರನ್ನು ಬಲಿ ತೆಗೆದುಕೊಳ್ಳುತ್ತಿದ್ದಿತು. ಸಿಡಿತಗಳನ್ನು ಒಂದೊಂದಾಗಿ ದಾಖಲೆ ಮಾಡಿ, ಭೂಕಂಪವನ್ನು ಅಳೆಯುವಂಥ ಯಂತ್ರಗಳನ್ನು ಸ್ಥಾಪಿಸಿ, ಎಲ್ಲಿ ಹೇಗೆ ಅಗೆದಾಗ ಬಂಡೆ ಸಿಡಿಯುತ್ತದೆಂಬುದನ್ನು ಅಲ್ಲಿಯ ತಜ್ಞರು ಅಭ್ಯಸಿಸಿದರು. ಅಗೆಯುವ ಕ್ರಮವನ್ನು ಬದಲಿಸಿದರು. ತೆರವಾದ ಜಾಗಗಳಿಗೆ ಮರದ ಆಧಾರಕ್ಕೆ ಬದಲಾಗಿ ಕಲ್ಲಿನ ಗೋಡೆಯನ್ನೂ, ಮುಂದೆ ಕಾಂಕ್ರೀಟನ್ನೂ ಕೊಟ್ಟರು. ಸಿಡಿತಗಳು ಪೂರ್ತಿಯಾಗಿ ನಿಲ್ಲಲಿಲ್ಲ. 2001ರಲ್ಲಿ ಗಣಿಗಳು ಮುಚ್ಚಿದುವು. ಆದರೆ ಅಲ್ಲಿ ಬೆಳೆದ ಬಂಡೆಯ ಶಾಸ್ತ್ರದ ಫಲವಾಗಿ 1988ರಲ್ಲಿ ಅದೇ ಊರಿನಲ್ಲಿ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆಯು ಸ್ಥಾಪಿತವಾಗಿ, ದೇಶದ ಬೇರೆ ಗಣಿಗಳಿಗೂ ಸುರಂಗಗಳಿಗೂ ಆ ತಿಳಿವಳಿಕೆ ಒದಗಿತು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಏನೆನ್ನುತ್ತದೆ? 1948ರ ಫ್ಯಾಕ್ಟರಿ ಕಾಯಿದೆಯು ಚಲಿಸುವ ಯಂತ್ರಭಾಗಗಳಿಗೆ ಬೇಲಿಯಿರಬೇಕೆಂದು ವಿಧಿಸಿತು; ಸಾವು ಸಂಭವಿಸಿದರೆ, ಅಥವಾ ಗಾಯಗೊಂಡವನು 48 ಗಂಟೆ ಕೆಲಸ ಮಾಡಲಾಗದೆ ಹೋದರೆ, ಸರಕಾರಕ್ಕೆ ತಿಳಿಸಬೇಕೆಂದಿತು. 1984ರ ಭೋಪಾಲದ ವಿಷಾನಿಲ ದುರಂತದ ಅನಂತರ, 1987ರ ತಿದ್ದುಪಡಿಯಿಂದ, ತನ್ನ ಆರೋಗ್ಯಕ್ಕೂ ಸುರಕ್ಷತೆಗೂ ಸಂಬಂಧಿಸಿದ ಮಾಹಿತಿಯನ್ನು ಕೇಳಿ ಪಡೆಯುವ ಹಕ್ಕು ಕಾರ್ಮಿಕನಿಗೆ ದೊರೆಯಿತು. ಈ ಬಗೆಯ ಹಲವು ಕಾನೂನುಗಳನ್ನು ಒಗ್ಗೂಡಿಸಿ ರಚಿಸಿದ 2020ರ ಸಂಹಿತೆಯು 2025ರ ನವೆಂಬರಿನಲ್ಲಿ ಜಾರಿಗೆ ಬಂದಿದೆ.

1948ರ ಕಾಯಿದೆಯಲ್ಲಿದ್ದ ಇನ್ನೊಂದು ಮಾತು ನಮ್ಮಂಥ ಗಡಿನಾಡಿನವರಿಗೆ ವಿಶೇಷವಾಗಿ ವಿಚಾರಾರ್ಹ. ಕಾರ್ಖಾನೆಯ ಪ್ರಕಟಣೆಗಳು ಇಂಗ್ಲಿಷಿನಲ್ಲಿಯೂ, ಅಲ್ಲಿಯ ಬಹುಸಂಖ್ಯೆಯ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿಯೂ ಇರಬೇಕೆಂದು ಅದು ಹೇಳಿತ್ತು. ಹಾಗಾದರೆ ಬಹುಸಂಖ್ಯೆಗೆ ಸೇರದವನ ಗತಿಯೇನು? ಕನ್ನಡದಲ್ಲಿ ಕಲಿತ ನಮ್ಮ ಹುಡುಗನೂ, ಒಡಿಶಾ ಬಿಹಾರಗಳಿಂದ ಬಂದು ಅವನ ಪಕ್ಕದಲ್ಲಿ ದುಡಿಯುವವನೂ ಫಲಕದ ಮುಂದೆ ಒಂದೇ ಸ್ಥಿತಿಯಲ್ಲಿರಬಹುದು. ಆದಕಾರಣ ಗಡಿನಾಡಿನ ಮಕ್ಕಳು ತಾಯ್ನುಡಿಯನ್ನು ಚೆನ್ನಾಗಿ ಕಲಿಯುವುದರ ಜೊತೆಗೆ ನೆರೆಹೊರೆಯ ತಮಿಳನ್ನೂ, ಇಂಗ್ಲಿಷನ್ನೂ ಓದಬಲ್ಲವರಾಗಬೇಕು. ಅದಕ್ಕಿಂತಲೂ ಮುಖ್ಯವಾಗಿ, ತಿಳಿಯದುದನ್ನು "ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ" ಎನ್ನುವ ಧೈರ್ಯ ಅವರಿಗಿರಬೇಕು. ನಾಚಿಕೆಯಿಂದ ತಲೆಯಾಡಿಸಿ ಯಂತ್ರದ ಬಳಿಗೆ ಹೋಗುವುದು ವಿನಯವಲ್ಲ, ಅಪಾಯ.

ಆ ಧೈರ್ಯವು ಬೆಳೆಯತಕ್ಕ ಸ್ಥಳ ಮನೆಯೂ ಶಾಲೆಯೂ. ಪ್ರಯೋಗಶಾಲೆಯಲ್ಲಿ ಗಾಜಿನ ನಳಿಗೆ ಒಡೆದರೆ ಹುಡುಗನು ಚೂರುಗಳನ್ನು ಮೂಲೆಗೆ ತಳ್ಳಿ ಸುಮ್ಮನಾಗುವುದು ಏಟಿನ ಭಯದಿಂದ. ಆ ಚೂರು ಮರುದಿನ ಬೇರೊಬ್ಬನ ಪಾದಕ್ಕೆ ನೆಡುತ್ತದೆ. ಬಂದು ಹೇಳಿದವನನ್ನು ಗದರಿಸದೆ, ಅದು ಒಡೆದುದೇಕೆಂದು ಅವನೊಡನೆ ಕುಳಿತು ವಿಚಾರಿಸುವುದು ಉಪಾಧ್ಯಾಯರಾದ ನಮ್ಮೆಲ್ಲರ ಕರ್ತವ್ಯ. ತಂದೆತಾಯಿಗಳಲ್ಲಿಯೂ ನಮ್ಮದೊಂದು ವಿಜ್ಞಾಪನೆಯಿದೆ. ಕೆಲಸದಿಂದ ಮರಳಿದ ಮಗನ ಕೈಯಲ್ಲಿ ಪಟ್ಟಿ ಕಂಡರೆ "ಕೆಲಸ ಹೋದೀತು, ಯಾರಿಗೂ ಹೇಳಬೇಡ" ಎನ್ನಬೇಡಿ. ಸಣ್ಣ ಗಾಯವನ್ನೂ ಕಾರ್ಖಾನೆಯ ರಿಜಿಸ್ಟರಿನಲ್ಲಿ ಬರೆಯಿಸಲು ಹೇಳಿ. ಅದರಿಂದ ಅವನ ಪರಿಹಾರದ ಹಕ್ಕಿಗೆ ದಾಖಲೆಯುಂಟಾಗುತ್ತದೆ. ಅವನ ಪಕ್ಕದಲ್ಲಿ ನಿಂತು ದುಡಿಯುವ ಇನ್ನೊಬ್ಬ ತಾಯಿಯ ಮಗನಿಗೆ ರಕ್ಷಣೆಯುಂಟಾಗುತ್ತದೆ.

ಪ್ರಿಯ ವಿದ್ಯಾರ್ಥಿಗಳೇ, ಮುಂದೆ ನೀವು ಎಂಜಿನಿಯರಾಗಬಹುದು, ಮೇಲ್ವಿಚಾರಕರಾಗಬಹುದು, ಯಂತ್ರದ ಮುಂದೆ ನಿಲ್ಲುವ ಕಾರ್ಮಿಕರಾಗಬಹುದು. ಯಾವ ಸ್ಥಾನದಲ್ಲಿದ್ದರೂ ಗಾಯವಾದಾಗ ಮೊದಲು ಗಾಯಾಳುವಿನ ಶುಶ್ರೂಷೆ ಮಾಡಿರಿ, ಅನಂತರ 'ಏಕೆ?' ಎಂದು ಕೇಳಿರಿ. ಉತ್ತರ ದೊರೆತ ಮೇಲೆ ಯಂತ್ರವನ್ನೂ ಕ್ರಮವನ್ನೂ ತಿದ್ದಿ, ಅದನ್ನು ಹತ್ತು ಜನರಿಗೆ ತಿಳಿಸಿರಿ. ಬೆಳಗ್ಗೆ ಡಬ್ಬಿ ಹಿಡಿದು ಕೆಲಸಕ್ಕೆ ಹೋದವರೆಲ್ಲರೂ ಸಂಜೆ ಹೋದಂತೆಯೇ ಮನೆಗೆ ಮರಳಲಿ ಎಂಬುದೇ ನಮ್ಮ ಹಾರೈಕೆ.