ನೆರಳುಗಳಿಂದ ಎದ್ದುಬರುವ ದವಡೆ

ರಾತ್ರಿ ಕರೆಂಟು ಹೋದಾಗ ಮೇಣದಬತ್ತಿಯ ಮುಂದೆ ಕೈಬೆರಳು ಹಿಡಿದು ಗೋಡೆಯ ಮೇಲೆ ಜಿಂಕೆ, ನಾಯಿಗಳನ್ನು ಮೂಡಿಸದ ಮಕ್ಕಳು ಕಡಿಮೆ. ನೆರಳಿಗೆ ಉದ್ದ ಅಗಲಗಳುಂಟು, ಆಳವಿಲ್ಲ. ಲೋಟವೊಂದನ್ನು ನೆಟ್ಟಗೆ ಹಿಡಿದರೆ ಅದರ ನೆರಳು ಆಯತ, ತಳವನ್ನು ಬೆಳಕಿಗೆ ತಿರುಗಿಸಿದರೆ ವೃತ್ತ. ವೃತ್ತವನ್ನಷ್ಟೇ ಕಂಡವನಿಗೆ ಅದು ಲೋಟವೋ ತಟ್ಟೆಯೋ ತಿಳಿಯದು. ಹಲ್ಲಿನ ವೈದ್ಯರನ್ನು ಸುಮಾರು ನೂರು ವರ್ಷ ಕಾಡಿದ್ದೂ ಇದೇ ತೊಡಕು.

ಜರ್ಮನಿಯ ವಿಲ್‌ಹೆಲ್ಮ್ ರಾಂಟ್‌ಜನ್ 1895ರ ನವೆಂಬರ್ 8ರಂದು ಕ್ಷ-ಕಿರಣಗಳನ್ನು ಕಂಡುಹಿಡಿದರು. ಮರುವರ್ಷ ಜನವರಿಯಲ್ಲೇ ಅದೇ ದೇಶದ ದಂತವೈದ್ಯ ಒಟ್ಟೊ ವಾಲ್ಕಾಫ್ ತಮ್ಮ ಹಲ್ಲುಗಳ ಚಿತ್ರ ತೆಗೆದರು. ಅದಕ್ಕಾಗಿ ಅವರು 25 ನಿಮಿಷ ಅಲುಗಾಡದೆ ಇರಬೇಕಾಯಿತು. ಈಗ ಕ್ಷಣಾರ್ಧ ಸಾಕು. ಆದರೂ ಫಿಲ್ಮಿನ ಮೇಲೆ ಬೀಳುವುದು ನೆರಳೇ.

ತುಟಿ ಮರಗಟ್ಟಿದರೆ?

ಕಾಲೇಜು ಸೇರುವ ವಯಸ್ಸಿನಲ್ಲಿ ಹಲವರಿಗೆ ಬುದ್ಧಿಹಲ್ಲು ಅಡ್ಡಲಾಗಿ ಬೆಳೆದು ನೋವು ಕೊಡುತ್ತದೆ. ಅದನ್ನು ಕೀಳುವುದು ಯಾವಾಗಲೂ ಸುಲಭವಲ್ಲ. ಕೆಳದವಡೆಯ ಮೂಳೆಯೊಳಗೆ ಒಂದು ಕಿರುಗಾಲುವೆಯಿದೆ. ಕೆಳತುಟಿಗೂ ಗಲ್ಲಕ್ಕೂ ಸ್ಪರ್ಶಜ್ಞಾನ ನೀಡುವ ನರ ಅದರ ಮೂಲಕವೇ ಸಾಗುತ್ತದೆ. ಸಾಮಾನ್ಯ ಎಕ್ಸ್‌ರೇಯಲ್ಲಿ ಹಲ್ಲಿನ ಬೇರೂ ಈ ಕಾಲುವೆಯೂ ಒಂದರ ಮೇಲೊಂದು ಬಿದ್ದಂತೆ ಕಂಡರೆ, ನರ ಬೇರಿನ ಹಿಂದಿದೆಯೋ, ಮುಂದಿದೆಯೋ, ಅದಕ್ಕೆ ತಾಗಿಯೇ ಇದೆಯೋ ಗೊತ್ತಾಗದು. ನರಕ್ಕೆ ಪೆಟ್ಟಾದರೆ ತುಟಿ ತಿಂಗಳುಗಟ್ಟಲೆ, ಕೆಲವೊಮ್ಮೆ ಶಾಶ್ವತವಾಗಿಯೇ ಮರಗಟ್ಟಬಹುದು.

ಇಂತಹ ಸಂದರ್ಭದಲ್ಲಿ ನೆರವಿಗೆ ಬರುವುದೇ ‘ಕೋನ್ ಬೀಮ್ ಸಿಟಿ’.

ಹೋಳಿನಿಂದ ಶಂಕುವಿಗೆ

ಒಂದು ವಸ್ತುವಿನ ನೆರಳುಗಳನ್ನು ಎಲ್ಲ ಕೋನಗಳಿಂದ ಸಂಗ್ರಹಿಸಿದರೆ ಅದರ ಒಳರೂಪವನ್ನು ಮರಳಿ ಪಡೆಯಬಹುದೆಂಬ ಗಣಿತವನ್ನು ಆಸ್ಟ್ರಿಯಾದ ಯೋಹಾನ್ ರಾಡಾನ್ 1917ರಲ್ಲೇ ತೋರಿಸಿದ್ದರು. ಅದನ್ನು ಯಂತ್ರಕ್ಕಿಳಿಸಲು ಗಣಕಯಂತ್ರ ಬರಬೇಕಾಯಿತು. 1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಸಿಟಿ ಯಂತ್ರ ಮೊದಲ ರೋಗಿಯ ಮಿದುಳನ್ನು ತೋರಿಸಿತು. ಅವರಿಗೂ ಅಲನ್ ಕಾರ್ಮ್ಯಾಕ್ ಅವರಿಗೂ 1979ರ ನೊಬೆಲ್ ಪ್ರಶಸ್ತಿ ಸಂದಿತು.

ಸಾಂಪ್ರದಾಯಿಕ ಸಿಟಿಯಲ್ಲಿ ಕಿರಣಗಳು ಬೀಸಣಿಗೆಯಂತೆ ತೆಳುವಾಗಿ ಹರಡುತ್ತವೆ. ದೇಹವನ್ನು ಬ್ರೆಡ್ಡಿನಂತೆ ಹೋಳು ಹೋಳಾಗಿ ಚಿತ್ರಿಸುತ್ತವೆ. ಕೋನ್ ಬೀಮ್‌ನಲ್ಲಿ ಕಿರಣಗಳು ಟಾರ್ಚಿನ ಬೆಳಕಿನಂತೆ ಶಂಕುವಿನಾಕಾರದಲ್ಲಿ ಹೊಮ್ಮುತ್ತವೆ. ಎದುರಿಗೊಂದು ಚಪ್ಪಟೆ ಸಂವೇದಕ ಫಲಕ. ಇವೆರಡೂ ತಲೆಯ ಸುತ್ತ ಒಂದೇ ಒಂದು ಸುತ್ತು, ಕೆಲವು ಯಂತ್ರಗಳಲ್ಲಿ ಅರ್ಧ ಸುತ್ತು, ತಿರುಗುವಷ್ಟರಲ್ಲಿ ನೂರಾರು ನೆರಳುಗಳು ದಾಖಲಾಗುತ್ತವೆ. ಹಿಡಿಯುವ ಕಾಲ ಸುಮಾರು 10ರಿಂದ 40 ಸೆಕೆಂಡು.

ಶಂಕುವಿನಾಕಾರದ ಕಿರಣಗಳಿಗೆ ಹೊಂದುವ ಸುಲಭ ಲೆಕ್ಕವನ್ನು 1984ರಲ್ಲಿ ಕೊಟ್ಟವರು ವೈದ್ಯರಲ್ಲ. ಅಮೆರಿಕದ ಫೋರ್ಡ್ ಕಾರು ಕಂಪನಿಯ ಸಂಶೋಧಕರಾದ ಫೆಲ್ಡ್‌ಕ್ಯಾಂಪ್, ಡೇವಿಸ್ ಮತ್ತು ಕ್ರೆಸ್! ಹಲ್ಲು-ದವಡೆಗಳಿಗೆಂದೇ ಇಟಲಿಯ ವೆರೋನಾದಲ್ಲಿ ರೂಪುಗೊಂಡ ಯಂತ್ರದ ವಿವರಗಳು 1998ರಲ್ಲಿ ಪ್ರಕಟವಾದವು.

ಗಣಕಯಂತ್ರ ಈ ನೆರಳುಗಳನ್ನು ಕೂಡಿಸಿ ದವಡೆಯನ್ನು ಪುಟ್ಟ ಪುಟ್ಟ ಘನಗಳಾಗಿ ಕಟ್ಟುತ್ತದೆ. ಘನದ ಬದಿ 0.1 ಮಿ.ಮೀ. ಎಂದುಕೊಳ್ಳೋಣ. 5 ಸೆಂ.ಮೀ. ಬದಿಯ ಭಾಗಕ್ಕೆ 500 × 500 × 500, ಅಂದರೆ ಹನ್ನೆರಡೂವರೆ ಕೋಟಿ ಘನಗಳು! ಆಗ ಪರದೆಯ ಮೇಲೆ ದವಡೆಯನ್ನು ಬೇಕಾದ ಕಡೆಯಿಂದ ಸೀಳಿ ನೋಡಬಹುದು. ಬುದ್ಧಿಹಲ್ಲಿಗಷ್ಟೇ ಅಲ್ಲ, ಕೃತಕ ಹಲ್ಲಿನ ತಿರುಪು ಕೂರಿಸುವ ಮುನ್ನ ಮೂಳೆಯ ದಪ್ಪ ಅಳೆಯಲೂ ಇದು ಉಪಯುಕ್ತ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ವಿಕಿರಣ ಬಿಡುವ ಮೊದಲು ರೋಗಿ ಸರಿಯಾದ ಸ್ಥಾನದಲ್ಲಿದ್ದಾನೆಯೇ ಎಂದು ಪರೀಕ್ಷಿಸಲೂ ಇದೇ ವಿಧಾನ ಬಳಕೆಯಲ್ಲಿದೆ.

ಮಿತಿಯೂ ಉಂಟು

ಮೂಳೆ, ಹಲ್ಲುಗಳನ್ನು ಚೆನ್ನಾಗಿ ತೋರುವ ಈ ಯಂತ್ರ ಸ್ನಾಯುವಿನಂತಹ ಮೃದು ಅಂಗಾಂಶಗಳಲ್ಲಿ ಮಂಕು. ಶಂಕುವಿನ ಅಗಲ ಹೆಚ್ಚಿದಂತೆ ಚದುರುವ ಕಿರಣಗಳೂ ಹೆಚ್ಚುವುದು ಇದಕ್ಕೆ ಮುಖ್ಯ ಕಾರಣ. ಲೋಹದ ಹಲ್ಲಿದ್ದರೆ ಚಿತ್ರದಲ್ಲಿ ಗೀರುಗಳು ಮೂಡುತ್ತವೆ; ತಲೆ ಅಲುಗಿದರೆ ಎಲ್ಲವೂ ಮಸುಕು.

ಇನ್ನು ವಿಕಿರಣದ ಪ್ರಶ್ನೆ. ನಿಸರ್ಗದಿಂದಲೇ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2400 ಮೈಕ್ರೊಸೀವರ್ಟ್ ತಗಲುತ್ತದೆ. ಒಂದೆರಡು ಹಲ್ಲುಗಳ ಸಣ್ಣ ಎಕ್ಸ್‌ರೇಗೆ ಹತ್ತಕ್ಕೂ ಕಡಿಮೆ. ಕೋನ್ ಬೀಮ್‌ಗೆ ಯಂತ್ರವನ್ನೂ ಚಿತ್ರಿಸುವ ಭಾಗದ ಗಾತ್ರವನ್ನೂ ಅವಲಂಬಿಸಿ ಕೆಲವು ಹತ್ತುಗಳಿಂದ ಹಲವು ನೂರರವರೆಗೆ. ತಲೆಯ ಮಾಮೂಲಿ ಸಿಟಿಗೆ ಸುಮಾರು 2000. ಕೋನ್ ಬೀಮ್‌ನ ಪ್ರಮಾಣ ಹೆದರುವಂಥದ್ದಲ್ಲ, ಆದರೆ ಕಡೆಗಣಿಸುವಂಥದ್ದೂ ಅಲ್ಲ. ಬೆಳೆಯುವ ಮಕ್ಕಳ ಜೀವಕೋಶಗಳು ವಿಕಿರಣಕ್ಕೆ ದೊಡ್ಡವರಿಗಿಂತ ಬೇಗ ತುತ್ತಾಗುತ್ತವೆ.

ಆದುದರಿಂದ ಹಲ್ಲಿಗೆ ತಂತಿ ಕಟ್ಟಿಸಲು ಹೋದ ಪ್ರತಿ ಮಗುವಿಗೂ ಈ ಪರೀಕ್ಷೆ ಬೇಕಿಲ್ಲ. ಮೂಳೆಯೊಳಗೆ ಹುದುಗಿದ ಕೋರೆಹಲ್ಲು ಪಕ್ಕದ ಹಲ್ಲಿನ ಬೇರನ್ನು ಕರಗಿಸುತ್ತಿದೆಯೆಂಬ ಸಂದೇಹವಿದ್ದರೆ ಮಾತು ಬೇರೆ. ಭಾರತದಲ್ಲಿ ಇಂತಹ ಯಂತ್ರಗಳಿಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಅಗತ್ಯ. ಉಳಿದ ಎಚ್ಚರ ತಂದೆತಾಯಿಯರದು. “ಡಾಕ್ಟರೇ, ಸಾಮಾನ್ಯ ಎಕ್ಸ್‌ರೇಯಲ್ಲಿ ಕಾಣದ ಯಾವ ವಿಷಯ ಇದರಿಂದ ತಿಳಿಯಬೇಕಾಗಿದೆ? ಅದು ತಿಳಿದರೆ ಚಿಕಿತ್ಸೆ ಬದಲಾಗುತ್ತದೆಯೇ?” ಎಂದು ವಿನಯದಿಂದ ಕೇಳಬೇಕು. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ. ಚಿತ್ರ ತೋರಿಸಿಯೇ ಉತ್ತರಿಸುತ್ತಾರೆ.